ಗುತ್ತಿಯ ನಾಯಿ ಮತ್ತು ಗೂಗಲ್ ಮೀಟ್

ನಮ್ಮ ಓದುಗುಂಪಿನ ಮೊದಲ ಜಗಳ ಪುಸ್ತಕ ತೆರೆಯುವ ಮೊದಲೇ ನಡೆದುಹೋಯಿತು. ಒಬ್ಬೊಬ್ಬರಾಗಿ ಹಿಡಿದು ಅರ್ಧಕ್ಕೇ ಬಿಟ್ಟ ದಪ್ಪ ಪುಸ್ತಕವೊಂದನ್ನು ಹೊಸ ವರ್ಷದಲ್ಲಿ ಎಲ್ಲರೂ ಸೇರಿ ಮುಗಿಸಬೇಕು ಅನ್ನುವವರೆಗೆ ಒಮ್ಮತವಿತ್ತು. ಯಾವುದು ಅನ್ನುವಲ್ಲಿ ಕೆಟ್ಟಿತು. ವೈಟ್‌ಫೀಲ್ಡಿನ ಹುಡುಗ ಟಾಲ್‌ಸ್ಟಾಯ್ ಬರೆದ 'ವಾರ್ ಅಂಡ್ ಪೀಸ್' ಅಂದ. ಅದರಲ್ಲಿ 361 ಅಧ್ಯಾಯ, ದಿನಕ್ಕೊಂದರಂತೆ ಓದಿದರೆ ವರ್ಷಕ್ಕೆ ನಾಲ್ಕು ದಿನ ರಜೆಯೂ ಮಿಗುತ್ತದೆ ಎಂಬುದು ಅವನ ಲೆಕ್ಕ. ಬಸವನಗುಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಕುಮಾರವ್ಯಾಸ ಬಿಟ್ಟು ಬೇರೆ ಮಾತೇ ಬೇಡ ಅಂದರು. 'ಇಟ್ಟ ಪದವನ್ನು ಅಳಿಸದೆ ಬರೆದೆ ಎಂದು ಹೇಳಿಕೊಂಡ ಕವಿ ಸ್ವಾಮೀ ಆತ' ಎಂಬ ಅವರ ಸಂದೇಶ ಎರಡು ಸಲ ಡಿಲೀಟ್ ಆಗಿ ಮೂರನೇ ಸಲಕ್ಕೆ ನಿಂತಿತು. ಕೊನೆಗೆ ಇಬ್ಬರಿಗೂ ಸಮನಾಗಿ ಬೇಸರವಾಗುವಂತೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಗೆದ್ದಿತು.

'ಈ ಭಾನುವಾರಕ್ಕೆ ಐವತ್ತು ಪುಟ' ಎಂದು ಅಡ್ಮಿನ್ ಮೇಡಂ ಅಪ್ಪಣೆ ಕೊಟ್ಟರು. ಯಾರ ಐವತ್ತು? ಕಾದಂಬರಿ ಬಂದದ್ದು 1967ರಲ್ಲಿ. ಆಮೇಲೆ ಎಷ್ಟೋ ಸಲ ಅಚ್ಚಾಗಿದೆ. ಮ್ಯಾನೇಜರ ಹತ್ತಿರ ಅವರ ತಂದೆಯ ಕಾಲದ ಪ್ರತಿ, ನನ್ನದು ಅವೆನ್ಯೂ ರೋಡಿನಲ್ಲಿ ಸಿಕ್ಕಿದ್ದು, ಹುಡುಗನದು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ್ದು. ಕಾದಂಬರಿಯ ಪಾತ್ರ ಗುತ್ತಿ ಒಬ್ಬರಿಗೆ ಐವತ್ತನೇ ಪುಟದಲ್ಲಿ ಸಿಕ್ಕರೆ ಇನ್ನೊಬ್ಬರಿಗೆ ಐವತ್ತಾರಕ್ಕೆ ಬರುತ್ತಿದ್ದ. ಹಳೆಮನೆ, ಸಿಂಬಾವಿ, ಬೆಟ್ಟಳ್ಳಿ, ಕೋಣೂರು ಅಂತ ಮನೆಮನೆಯ ಮಂದಿಯೆಲ್ಲ ಒಟ್ಟಿಗೇ ಬಂದಾಗ, ಯಾರು ಯಾರ ಮನೆಯವರೆಂದು ಹುಡುಗ ಎಕ್ಸೆಲ್ ಶೀಟ್ ಮಾಡಿದ. ಮುಂದೆ ಎಲ್ಲರೂ ಪುಸ್ತಕದ ಬದಲು ಅದನ್ನೇ ಓದತೊಡಗಿದರು.

ಇಷ್ಟರ ಮೇಲೆ, ಓದದವರಿಗೆ ನೆಪವನ್ನು ಕುವೆಂಪು ಅವರೇ ಪುಸ್ತಕದ ಬಾಗಿಲಲ್ಲಿ ಇಟ್ಟುಬಿಟ್ಟಿದ್ದಾರೆ: 'ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ!' ಸಂಕ್ರಾಂತಿ ಹೊತ್ತಿಗೆ ಗುಂಪಿನಲ್ಲಿ ಅತಿ ಹೆಚ್ಚು ಸಲ ಬಿದ್ದ ಸಾಲು ಅದು. ಮೆಟ್ರೋದಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಇಟ್ಟಿಗೆ ಗಾತ್ರದ ಪುಸ್ತಕ ಹಿಡಿದು ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ಪುಟ ತಿರುಗಿಸಿದ ನನಗೆ ಆ ಸಾಲು ಕಂಡರೆ ಮೈ ಉರಿಯುತ್ತಿತ್ತು.

ಮೊದಲ ಚರ್ಚೆ ಗೂಗಲ್ ಮೀಟಿನಲ್ಲಿ. ಅಡ್ಮಿನ್ ಮೇಡಂ ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ನನಗೆ ಹುಲಿಯನ ಪಾತ್ರ ತುಂಬಾ ಹಿಡಿಸಿತು. ಗುತ್ತಿಗೆ ಅಂಥ ನಿಷ್ಠಾವಂತ ತಮ್ಮ!"

ಎಲ್ಲರೂ ತಲೆಯಾಡಿಸಿದರು. ಮ್ಯಾನೇಜರು "ಭ್ರಾತೃಪ್ರೇಮ" ಅಂತಲೂ ಸೇರಿಸಿದರು. ತಿದ್ದೋಣವೆಂದರೆ ಹೇಳಿದವರು ಅಡ್ಮಿನ್. ನಾನು ಮ್ಯೂಟ್ ತೆಗೆಯುವುದೋ ಬೇಡವೋ ಎಂದು ತೆಗೆದು, ಬಾಯಿ ಬಿಡುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು.

"ಅದು ನಾಯಿ ಮಾರಾಯ್ತಿ!"

ನಮ್ಮತ್ತೆ ತೀರ್ಥಹಳ್ಳಿಯವರು. ಹುರುಳಿಕಾಯಿ ಸೋಸುತ್ತ ಕೂತಿದ್ದವರು ಅಷ್ಟಕ್ಕೆ ನಿಲ್ಲಲಿಲ್ಲ. "ಪಾಪದ್ದು, ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಕೊಂಡು ಹೋಗ್ತದೆ. ನಾನು ಮೂರು ದಿನ ಅತ್ತಿದ್ದೆ."

ಪರದೆಯ ಮೇಲೆ ಯಾರೂ ಅಲುಗಾಡಲಿಲ್ಲ. ನೆಟ್ ಹೋಯಿತೇನೋ ಅಂದುಕೊಂಡೆ. ಹೋದದ್ದು ಹುಡುಗ. ಮೊದಲು ಮೀಟಿನಿಂದ, ಆಮೇಲೆ ವಾಟ್ಸಾಪ್ ಗುಂಪಿನಿಂದ. ಮನೆಯಲ್ಲಿ ಲ್ಯಾಬ್ರಡಾರ್ ಸಾಕಿದವನಂತೆ.

ಮರುವಾರದಿಂದ ಓದುವುದು ಅತ್ತೆ, ಕೇಳುವುದು ನಾವು. ಇದೇನು ಹೊಸದಲ್ಲ ಬಿಡಿ. ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಗಮಕ ನಮ್ಮಲ್ಲಿ ಹಿಂದಿನಿಂದಲೂ ಇದೆ. ಜಗಲಿಯಲ್ಲಿ ಕೂತು ಜೈಮಿನಿ ಭಾರತ ಕೇಳಿದ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ನಮಗೆ ಅಕ್ಷರ ಬರುತ್ತದೆ, ಪುರುಸೊತ್ತು ಬರುವುದಿಲ್ಲ. ಗಮಕ ಅಂದದ್ದೇ ತಡ, ಕುಮಾರವ್ಯಾಸನಿಗೆ ಅರ್ಧ ನ್ಯಾಯ ಸಿಕ್ಕಿತೆಂದು ಮ್ಯಾನೇಜರು ಅರ್ಥ ಹೇಳುವ ಕುರ್ಚಿ ಹಿಡಿದರು. ಅವರು ಹೇಳಿದ ಮಲೆನಾಡಿನ ಅರ್ಥಗಳನ್ನೆಲ್ಲ ಅತ್ತೆ ಅಲ್ಲಲ್ಲೇ ತಿದ್ದುವುದರಿಂದ ಭಾನುವಾರಕ್ಕೆ ನಾಲ್ಕು ಪುಟವೂ ಸಾಗುವುದಿಲ್ಲ. ಕ್ಯಾಮೆರಾ ಎಲ್ಲರೂ ಆನ್ ಇಡಬೇಕು, ತೂಕಡಿಸುವವರು ತನಗೆ ಕಾಣಬೇಕು ಎಂಬುದು ಅತ್ತೆಯ ಏಕೈಕ ಷರತ್ತು.

ಹುಡುಗ ಹೋದನೆಂದು ಅಡ್ಮಿನ್ ಮೇಡಂಗೆ ಮಾತ್ರ ಸಂಕಟ. ಎಕ್ಸೆಲ್ ಶೀಟೂ ಅವನ ಜೊತೆಗೇ ಹೋಗಿತ್ತು. ಅತ್ತೆಯ ಹತ್ತಿರ ಹೇಳಿದೆ.

"ನಾನು ಹೇಳಿದ್ದು ನಾಯಿ ಸುದ್ದಿ ಮಾತ್ರ. ಮದುಮಗಳು ಚಿನ್ನಮ್ಮನ ಕತೆ ಏನಾಯ್ತು ಅಂತ ಹೇಳಿಲ್ಲ ಅನ್ನು, ತಾನಾಗೇ ಬರ್ತಾನೆ" ಅಂದರು.

ಅಂದು ರಾತ್ರಿಯೇ ಅವನನ್ನು ಮತ್ತೆ ಸೇರಿಸಿಕೊಂಡೆವು.