ಪ್ರಾರ್ಥನೆಯನ್ನೂ ಫಾದರ್‌ಗೇ ಬಿಟ್ಟುಬಿಡೋದಾ?

ನಮ್ಮ ಮಂಗಳೂರಿನ ಕಥೊಲಿಕರ ಒಂದು ಅಭ್ಯಾಸ ನೋಡಿ. ಮನೆಯಲ್ಲಿ ಕಾಯಿಲೆ ಇರಲಿ, ಮಗನ ವೀಸಾ ಇರಲಿ, ಚರ್ಚ್ ಆಫೀಸಿಗೆ ಹೋಗಿ ಪೂಜೆಗೆ (ಅಂದರೆ ಫಾದರ್ ಅರ್ಪಿಸುವ ಬಲಿಪೂಜೆಗೆ) ಹೆಸರು ಬರೆಸುತ್ತೇವೆ. ಕವರ್ ಕೊಡುತ್ತೇವೆ. ಮುಂದಿನದ್ದು ಫಾದರ್ ನೋಡಿಕೊಳ್ಳುತ್ತಾರೆ! ಬರೆಸುವುದು ತಪ್ಪಲ್ಲ, ನಾನೂ ಬರೆಸುತ್ತೇನೆ. ಆದರೆ ಆ ದಿನದ ಪೂಜೆಗೆ ಮನೆಯವರೇ ಬರುವುದಿಲ್ಲ ಅಂದ್ರೆ ಏನು ಹೇಳೋದು?

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆ (ಪತ್ರ) ಓದಿದರೆ ಇದು ಇನ್ನೂ ವಿಚಿತ್ರ ಅನಿಸುತ್ತದೆ. ಹಳೆ ಒಡಂಬಡಿಕೆಯಲ್ಲಿ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲರ ಆರಾಧನೆಯ ಡೇರೆಯ, ಒಳಪರದೆ ದಾಟುವವನು ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೊಮ್ಮೆ, ದೋಷಪರಿಹಾರದ ದಿನ. ಮೊದಲು ತನ್ನ ಪಾಪಕ್ಕೆ ಹೋರಿಯ ಬಲಿ. ಆಮೇಲೆ ಜನರ ಪಾಪಕ್ಕೆ ಹೋತ. ಮುಂದಿನ ವರ್ಷ ಮತ್ತೆ ಅದೇ. ಆ ಗುಡಾರದಲ್ಲಿ ಏನೇನಿತ್ತು ಅಂತ ವಿಮೋಚನಕಾಂಡ ಉದ್ದಕ್ಕೆ ಬರೆದಿದೆ: ದೀಪಸ್ತಂಭ, ರೊಟ್ಟಿ ಇಡುವ ಮೇಜು, ಧೂಪವೇದಿ. ಯಾಜಕನಿಗೆ ಕೂರಲು ಒಂದು ಪೀಠ ಮಾತ್ರ ಎಲ್ಲೂ ಇಲ್ಲ. ಪತ್ರಿಕೆಯ 10ನೇ ಅಧ್ಯಾಯ ಇದನ್ನೇ ಹಿಡಿಯುತ್ತದೆ. ಆ ಯಾಜಕರು ದಿನಾಲೂ ನಿಂತೇ ಸೇವೆ ಮಾಡುತ್ತಾರೆ, ಅವರ ಕೆಲಸ ಮುಗಿಯುವುದೇ ಇಲ್ಲ. ಯೇಸುಸ್ವಾಮಿ ಒಂದೇ ಬಲಿ ಕೊಟ್ಟರು, ದೇವರ ಬಲಗಡೆ ಕುಳಿತರು. ಅಂದರೆ ಕೆಲಸ ಮುಗೀತು, ಇನ್ನು ನಾವೆಲ್ಲ ಧೈರ್ಯವಾಗಿ ದೇವರ ಹತ್ತಿರ ಹೋಗಬಹುದು.

ಕುಲದ ಪ್ರಶ್ನೆಯೂ ಇತ್ತು. ಯೇಸು ಯೂದ ಕುಲದವರು, ಯಾಜಕತ್ವ ಲೇವಿಯರದ್ದು. ಅದಕ್ಕೇ ಪತ್ರಿಕೆ ಇನ್ನೂ ಹಿಂದೆ ಹೋಗಿ, ಅಬ್ರಾಮನಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ತಂದ ಮೆಲ್ಕೀಚೆದೆಕನನ್ನು ನೆನಪಿಸುತ್ತದೆ. ಲೇವಿ ಹುಟ್ಟುವ ಮೊದಲೇ ಯಾಜಕನಾಗಿದ್ದವನು ಅವನು, ಯೇಸುವಿನ ಯಾಜಕತ್ವ ಅವನ ಥರದ್ದು. ಹುಟ್ಟಿನಿಂದ ಬಂದ ಹಕ್ಕು ಅಲ್ಲಿಗೆ ಮುಗೀತು. (ಜಾತಿ ಕೇಳಿ ಸಂಬಂಧ ಹುಡುಕುವ ನಮ್ಮ ಕ್ರೈಸ್ತ ಮನೆಗಳು ಇದನ್ನು ಓದಬೇಕು.) ಪ್ರವಾದಿ ಯೆರೆಮೀಯ ಹೇಳಿದ ಹೊಸ ಒಡಂಬಡಿಕೆಯಲ್ಲೂ (ಇಲ್ಲಿ ಪುಸ್ತಕವಲ್ಲ, ದೇವರು ಜನರ ಜೊತೆ ಮಾಡುವ ಹೊಸ ಒಪ್ಪಂದ) ದೇವರು ನಿಯಮವನ್ನು ಬರೆಯುವುದು ಜನರ ಹೃದಯದಲ್ಲಿ. ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರೂ ದೇವರನ್ನು ಅರಿಯುತ್ತಾರಂತೆ.

ವಿಶ್ವಾಸಿಗಳೆಲ್ಲ ಯಾಜಕರೇ ಅನ್ನೋದು ಬರೀ ಪ್ರೊಟೆಸ್ಟೆಂಟರ ಮಾತಲ್ಲ. ಮಗುವಿಗೆ ದೀಕ್ಷಾಸ್ನಾನ ಕೊಟ್ಟ ಮೇಲೆ ನೆತ್ತಿಗೆ ಪವಿತ್ರ ತೈಲ ಹಚ್ಚುತ್ತಾರಲ್ಲ, ಈಸ್ಟರ್‌ಗೆ ಮುಂಚೆ ರೊಸಾರಿಯೊ ಕ್ಯಾಥೆಡ್ರಲ್‌ನಲ್ಲಿ ಬಿಷಪರು ಪವಿತ್ರೀಕರಿಸುವ ಎಣ್ಣೆ ಅದು. ಆಗ ಹೇಳುವ ಪ್ರಾರ್ಥನೆಯಲ್ಲಿ ಯಾಜಕ, ಪ್ರವಾದಿ, ಅರಸ ಎಂಬ ಮೂರೂ ಮಾತಿದೆ. ನಾವು ಆಗ ಫೋಟೋ ತೆಗೆಯುವುದರಲ್ಲಿ ಬ್ಯುಸಿ. ನಮ್ಮ ಕಥೊಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ, ವಿಶ್ವಾಸಿಗಳೆಲ್ಲರಿಗೂ ಯಾಜಕತ್ವದಲ್ಲಿ ಪಾಲಿದೆ. ಗುರುದೀಕ್ಷೆ ಪಡೆದವರದ್ದು ಬೇರೆ ಬಗೆಯದು, ಆದರೆ ಒಂದು ಇನ್ನೊಂದಕ್ಕಾಗಿ ಇರುವಂಥದ್ದು.

"ಹಾಗಾದ್ರೆ ಫಾದರ್ ಯಾಕೆ ಮಾರಾಯ?" ಅಂತ ಬಲ್ಮಠದ ಗೆಳೆಯ ಕೇಳುತ್ತಾನೆ. ಅವನದ್ದು 1834ರಲ್ಲಿ ಇಲ್ಲಿಗೆ ಬಂದ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಪರಂಪರೆ, ಈಗ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ). ನನ್ನ ಉತ್ತರ ಇಷ್ಟೇ. ಯೇಸುವಿನ ಶಿಷ್ಯ ಪೇತ್ರ ತನ್ನ ಪತ್ರದಲ್ಲಿ ನಮ್ಮನ್ನು ರಾಜವಂಶದ ಯಾಜಕರು ಅಂದಿದ್ದು ಸುಮ್ನೆ ಅಲ್ಲ, ಸೀನಾಯಿ ಬೆಟ್ಟದಲ್ಲಿ ಇಡೀ ಇಸ್ರಾಯೇಲಿಗೆ ಹೇಳಿದ ಮಾತೇ ಅದು. ಅಲ್ಲಿ ಜನರೆಲ್ಲ ಯಾಜಕರಾಗಿದ್ದರೂ ಮೊದಲ ಮಹಾಯಾಜಕ ಆರೋನನೂ ಇದ್ದ. "ಆರೋನನ ಸಾಲು ಕ್ರಿಸ್ತನಲ್ಲಿ ಮುಗೀತಲ್ಲ" ಅಂತಾನೆ ಅವನು. ಆ ಮಾತಿಗೆ ತೂಕ ಇದೆ, ಒಪ್ಪುತ್ತೇನೆ. ಆದರೆ ಅವನ ಚರ್ಚಿನಲ್ಲೂ ಕರ್ತನ ಭೋಜನ ನಡೆಸಲು ದೀಕ್ಷೆ ಪಡೆದ ಸಭಾಪಾಲಕರೇ ಬೇಕು, ಅಲ್ವಾ? ಇದನ್ನು ಕೇಳಿದಾಗಲೆಲ್ಲ ಅವನು ಮಾತು ಬದಲಿಸುತ್ತಾನೆ. ಇಲ್ಲಿ ಕಾಮೆಂಟ್‌ನಲ್ಲಾದರೂ ಉತ್ತರ ಕೊಡಲಿ.