ಶಿಕ್ಷೆ ಮುಗಿದ ಮೇಲೂ ಒಳಗೇ ಇಡಬಹುದಾ?

ಹದಿನಾಲ್ಕು ವರ್ಷದ ಶಿಕ್ಷೆ ಮುಗಿಯುತ್ತಾ ಬಂದಿದೆ, ಇನ್ನೇನು ಗೇಟು ತೆಗೆಯಬೇಕು, ಅಷ್ಟರಲ್ಲಿ ಸರ್ಕಾರ ಹೊಸದೊಂದು ಕಾನೂನು ತಂದು "ಹೊರಗೆ ಹೋದರೆ ನೀನು ಮತ್ತೆ ಅದನ್ನೇ ಮಾಡುತ್ತೀಯ, ಒಳಗೇ ಇರು" ಅನ್ನುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2003ರಲ್ಲಿ ಆಗಿದ್ದು ಇದೇ. ಕೈದಿಯ ಹೆಸರು ರಾಬರ್ಟ್ ಫಾರ್ಡನ್. ಕಾನೂನು ಬಂದಿದ್ದು ಜೂನ್ 6ಕ್ಕೆ, ಅವನ ಶಿಕ್ಷೆ ಮುಗಿಯಬೇಕಿದ್ದುದು ಜೂನ್ 30ಕ್ಕೆ.

ಅವನ ಮೇಲೆ ಕನಿಕರ ಹುಟ್ಟಿಸೋಕೆ ಇದನ್ನು ಬರೆಯುತ್ತಿಲ್ಲ. ಒಂದು ಅತ್ಯಾಚಾರಕ್ಕೆ ಎಂಟು ವರ್ಷ ಜೈಲಿನಲ್ಲಿದ್ದು, ಪರೋಲ್ ಮೇಲೆ ಹೊರಬಂದ 20 ದಿನದಲ್ಲೇ ಇನ್ನೊಬ್ಬ ಹೆಂಗಸಿನ ಮೇಲೆ ಎರಗಿದವನು ಅವನು. ಅಂಥವನು ನಮ್ಮ ಬೀದಿಗೆ ಬಾಡಿಗೆಗೆ ಬಂದರೆ ನಾನೂ ರಾತ್ರಿ ನಿದ್ದೆ ಮಾಡಲ್ಲ.

ಆದರೂ ಈ ಕಾನೂನು ಪೂರ್ತಿ ಗಂಟಲಲ್ಲಿ ಇಳಿಯುವುದಿಲ್ಲ. ಅಲ್ಲಿ ಅಟಾರ್ನಿ ಜನರಲ್, ಅಂದರೆ ಆ ರಾಜ್ಯದ ಕಾನೂನು ಮಂತ್ರಿ, ರಾಜ್ಯದ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಬೇಕು. ಇಬ್ಬರು ಮನೋವೈದ್ಯರು ಕೈದಿಯನ್ನು ಪರೀಕ್ಷಿಸುತ್ತಾರೆ. ಕೈದಿಗೆ ವಕೀಲರಿರುತ್ತಾರೆ. ಅಪಾಯ ಗಂಭೀರವಾಗಿದೆ ಅಂತ ನ್ಯಾಯಾಧೀಶರಿಗೆ ಗಟ್ಟಿ ಸಾಕ್ಷ್ಯದಿಂದ ಮನವರಿಕೆಯಾದರೆ ಎರಡು ದಾರಿ: ಒಳಗೇ ಇಡುವುದು, ಇಲ್ಲವೇ ಷರತ್ತು ಹಾಕಿ ಹೊರಗೆ ಬಿಟ್ಟು ಕಣ್ಣಿಡುವುದು. ಇಷ್ಟು ಕೇಳಿದರೆ ಸರಿಯಾಗೇ ಇದೆ ಅಲ್ವಾ? 2004ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ಕೋರ್ಟ್, ಆರು ಮಂದಿಯ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಬೇಡ ಅಂದಿದ್ದು ನ್ಯಾಯಮೂರ್ತಿ ಮೈಕೆಲ್ ಕಿರ್ಬಿ ಒಬ್ಬರೇ.

ನನಗೆ ಕಿರ್ಬಿ ಕಡೆಯೇ ಮನಸ್ಸು. "ಇದು ಶಿಕ್ಷೆಯಲ್ಲ, ಜನರ ರಕ್ಷಣೆಗೆ ಅಷ್ಟೇ" ಅಂತ ಕಾನೂನು ಹೇಳಿಕೊಂಡಿತು, ಸರಿ. ಆದರೆ ಆ ಮನುಷ್ಯ ಉಳಿದದ್ದು ಜೈಲಿನಲ್ಲೇ, ಅದೇ ಗೋಡೆ, ಅದೇ ಕಾವಲಿನ ನಡುವೆ. ತೀರಿಸಿದ ಸಾಲಕ್ಕೆ, ಮುಂದೆ ಮತ್ತೆ ಸಾಲ ಮಾಡುತ್ತೀಯ ಅಂತ ಈಗಲೇ ಬಡ್ಡಿ ಕಟ್ಟಿಸಿಕೊಂಡ ಹಾಗೆ. 2010ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಈ ಬಂಧನ ಸರಿಯಲ್ಲ ಅಂದಿತು.

ಜರ್ಮನಿಯವರು ಇದನ್ನೇ ಬೇರೆ ಥರ ನೋಡಿದರು. 2011ರ ಮೇ 4ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು ಏನು ಗೊತ್ತಾ? ಶಿಕ್ಷೆ ಮುಗಿದವನನ್ನು ಇಟ್ಟುಕೊಳ್ಳಲೇಬೇಕು ಅಂದರೆ ಆ ಜಾಗಕ್ಕೂ ಜೈಲಿಗೂ ಎದ್ದು ಕಾಣುವ ವ್ಯತ್ಯಾಸ ಇರಬೇಕು, ಚಿಕಿತ್ಸೆ ಇರಬೇಕು, ಅದೂ ಕೊನೆಗೆ ನೆನಪಾದಾಗ ಅಲ್ಲ, ಶಿಕ್ಷೆ ಅನುಭವಿಸುತ್ತಿರುವಾಗಲೇ ಶುರುವಾಗಬೇಕು. ಹೊರಗೆ ಹೋಗುವ ದಾರಿ ಅವನಿಗೆ ಕಾಣಬೇಕು. ಖರ್ಚು ಜಾಸ್ತಿ, ಹೌದು. ಆದರೆ ಇನ್ನೂ ಮಾಡದ ತಪ್ಪಿಗೆ ಒಬ್ಬನನ್ನು ಕೂಡಿ ಹಾಕುವಾಗ ಅಷ್ಟಾದರೂ ಖರ್ಚು ಮಾಡಬೇಡವಾ?

ಹೊರಗೆ ಬಿಟ್ಟು ನಿಗಾ ಇಡುವುದಕ್ಕೆ ನನ್ನ ತಕರಾರಿಲ್ಲ. ಕಾಲಿಗೆ ಜಿಪಿಎಸ್ ಪಟ್ಟಿ, ರಾತ್ರಿ ಮನೆಯಲ್ಲೇ ಇರುವ ಷರತ್ತು, ಶಾಲೆಯ ಹತ್ತಿರ ಸುಳಿಯಬಾರದು ಅನ್ನುವ ಷರತ್ತು, ಇರಲಿ. ಒಂದೇ ಮಾತು, ಅದನ್ನು ಹಾಕುವುದು, ತೆಗೆಯುವುದು ಕೋರ್ಟೇ ಆಗಿರಬೇಕು. 2013ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೋರ್ಟ್ ಬಿಡು ಅಂದರೂ ನಾವೇ ಒಳಗಿಡುತ್ತೇವೆ ಅಂತ ಕಾನೂನು ಮಾಡಿತು. ವರ್ಷ ಕಳೆಯುವ ಮೊದಲೇ ಅಲ್ಲಿನ ಮೇಲ್ಮನವಿ ಕೋರ್ಟ್ ಅದನ್ನು ಹೊಡೆದು ಹಾಕಿತು. ಒಳ್ಳೇದಾಯ್ತು. ಚುನಾವಣೆ ಎದುರಿಗಿರುವ ಮಂತ್ರಿ ಇಂಥವನನ್ನು ಬಿಡಿ ಅಂತ ಯಾವತ್ತಾದರೂ ಸಹಿ ಹಾಕುತ್ತಾರಾ?

"ನಮ್ಮಲ್ಲೂ ಇಂಥ ಕಾನೂನು ಬರಲಿ" ಅನ್ನುವವರು ಬಹಳ ಜನ. 2015ರ ಡಿಸೆಂಬರ್‌ನಲ್ಲಿ 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಬಾಲಾಪರಾಧಿ ಹೊರಬಂದಾಗ ಇದೇ ಕೂಗಿತ್ತು. ಹಿಡಿದಿಡಲು ಕಾನೂನೇ ಇಲ್ಲ ಅಂತ ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿತು. ಸಿಟ್ಟು ನನಗೂ ಬಂದಿತ್ತು. ಆದರೆ ನಮ್ಮ ಕೋರ್ಟುಗಳ ಕೈಯಲ್ಲಿ ಬೇರೊಂದು ದಾರಿ ಈಗಾಗಲೇ ಇದೆ. ಮೈಸೂರು ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು ಬೆಂಗಳೂರಿನಲ್ಲಿ ಕೊಂದ ಸ್ವಾಮಿ ಶ್ರದ್ಧಾನಂದನ ಕೇಸು ನೆನಪಿದೆಯಲ್ಲ, 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಸಾಯುವವರೆಗೂ ಬಿಡುಗಡೆಯಿಲ್ಲ ಅಂತ ತೀರ್ಪಿನಲ್ಲೇ ಬರೆಯಿತು. ಆ ತೀರ್ಪು ನಿಮಗೆ ಕಠಿಣ ಅನ್ನಿಸಬಹುದು. ಆದರೆ ಹೇಳಬೇಕಾದ್ದನ್ನು ತೀರ್ಪಿನ ದಿನವೇ, ಕಾರಣ ಕೊಟ್ಟು, ಎದುರಿಗೇ ಹೇಳಿತು. ಹದಿನಾಲ್ಕು ವರ್ಷ ಅಂತ ಹೇಳಿ, ಹದಿಮೂರು ಮುಗಿದ ಮೇಲೆ ಆಟದ ನಿಯಮ ಬದಲಿಸಲಿಲ್ಲ.

ಇನ್ನು ನಿಗಾ ವಿಷಯ. ನಮ್ಮಲ್ಲಿ ಅದು ಯಾವತ್ತೋ ಇದೆ, ಹೆಸರು ರೌಡಿ ಶೀಟ್ ಅಷ್ಟೇ. ತೆರೆಯುವುದು ಪೊಲೀಸರು, ಕೋರ್ಟ್ ಅಲ್ಲ. ಶಿಕ್ಷೆಯಾಗಿರಲೇಬೇಕು ಅಂತೇನೂ ಇಲ್ಲ. ಮನೋವೈದ್ಯರ ವರದಿಯ ಮಾತು ಬಿಡಿ. ಗಣೇಶನ ಹಬ್ಬ ಬಂತು, ಚುನಾವಣೆ ಬಂತು ಅಂದರೆ ಠಾಣೆಯ ಮುಂದೆ ಸಾಲಾಗಿ ನಿಲ್ಲಿಸಿ ರೌಡಿ ಪರೇಡ್, ಟಿವಿಯವರ ಕ್ಯಾಮೆರಾ ಬೇರೆ. ಜೊತೆಗೆ 1985ರ ಗೂಂಡಾ ಕಾಯ್ದೆ, ಅದರಲ್ಲಿ ವಿಚಾರಣೆಯೇ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಇಂಥ ಅಭ್ಯಾಸ ಇರುವ ವ್ಯವಸ್ಥೆಯ ಕೈಗೆ "ಮುಂದೆ ತಪ್ಪು ಮಾಡಬಹುದು" ಅನ್ನುವ ಇನ್ನೊಂದು ಕಾನೂನು ಕೊಟ್ಟರೆ ಅದು ಹೋಗಿ ಬೀಳುವುದು ಯಾರ ಮೇಲೆ? ದೊಡ್ಡ ವಕೀಲರನ್ನು ಇಡಬಲ್ಲವನ ಮೇಲಂತೂ ಅಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮೊದಲು ರೌಡಿ ಶೀಟ್ ತೆರೆಯೋಕೇ ಮ್ಯಾಜಿಸ್ಟ್ರೇಟ್ ಒಪ್ಪಿಗೆ ಬೇಕು ಅಂತ ಮಾಡಿ, ವರ್ಷಕ್ಕೊಮ್ಮೆ ಕೋರ್ಟಿನಲ್ಲಿ ಪರಿಶೀಲನೆ ಇಡಿ, ಜೈಲುಗಳಿಗೆ ಸಾಕಷ್ಟು ಮನೋವೈದ್ಯರನ್ನು ಕೊಡಿ. ಕ್ವೀನ್ಸ್‌ಲ್ಯಾಂಡ್ ಕಾನೂನಿನ ಮಾತು ಆಮೇಲೆ ಆಡೋಣ.