ಹೆಚ್ಚು ಹಾಕಿದರೆ ಬೇಗ ಒಡೆಯುವುದೇ?

ಔಷಧದ ಮಾತ್ರೆ ಹೊಟ್ಟೆಯಲ್ಲಿ ಬೇಗ ಒಡೆಯಬೇಕಾದರೆ, ಅದಕ್ಕೆಂದೇ ಬೆರೆಸುವ ಪಿಷ್ಟದ ಪುಡಿಯಾದ ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟಿನ ಪ್ರಮಾಣ ಹೆಚ್ಚಿಸಿದರಾಯಿತು ಎಂದು ಇಂಥ ಪುಡಿಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಸಾಮಾನ್ಯವಾಗಿ ಮಾತ್ರೆಯ ತೂಕದ ಶೇ 2ರಿಂದ 8ರವರೆಗೆ ಬಳಸುವ ಈ ಪುಡಿ ನೀರು ಹೀರಿ ಹಲವು ಪಟ್ಟು ಉಬ್ಬುತ್ತದೆ, ನಿಜ. ಆದರೆ ಪ್ರಮಾಣ ಮಿತಿ ಮೀರಿದರೆ ಕಣಗಳ ಸುತ್ತ ಅಂಟಾದ ಲೋಳೆ ಕಟ್ಟಿಕೊಂಡು, ಒಳಕ್ಕೆ ನೀರಿಳಿಯುವ ದಾರಿಯೇ ಮುಚ್ಚಿಹೋಗುವುದರಿಂದ ಮಾತ್ರೆ ಇನ್ನಷ್ಟು ತಡವಾಗಿ ಒಡೆಯುತ್ತದೆ. ಮಾತ್ರೆ ಒಡೆಯಲು ಹಿಡಿಯುವ ಸಮಯವನ್ನು ಅಳೆಯುವ ಪರೀಕ್ಷಾ ಬುಟ್ಟಿಯ ಜಾಲರಿಯ ಮೇಲೆ, ಹೊರಗೆಲ್ಲ ಲೋಳೆಯಾಗಿ ಒಳಗಿನ ತಿರುಳು ಮಾತ್ರ ಒಣಗಿಯೇ ಉಳಿದ ಮಾತ್ರೆಗಳನ್ನು ನಾನೇ ಕಂಡಿದ್ದೇನೆ. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಪುಡಿಯಾದ ಕ್ರಾಸ್‌ಪೊವಿಡೋನ್ ಹಾಗೆ ಲೋಳೆಯಾಗುವುದಿಲ್ಲ. ಆದರೆ ಅದರಲ್ಲಿ ಉಳಿದಿರುವ ಪೆರಾಕ್ಸೈಡ್, ಸುಲಭವಾಗಿ ಆಕ್ಸಿಡೀಕರಣಗೊಳ್ಳುವ ಔಷಧಗಳನ್ನು ಕೆಡಿಸಬಲ್ಲದು ಎಂಬುದನ್ನು ಲೇಖನ ಪ್ರಸ್ತಾಪಿಸಿಯೇ ಇಲ್ಲ. ಮೇಲಾಗಿ, ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್ ನೀರಿನಲ್ಲಿ ಉಬ್ಬುವಷ್ಟು ಆಮ್ಲದಲ್ಲಿ ಉಬ್ಬುವುದಿಲ್ಲವಾದ್ದರಿಂದ, ಜಠರದಲ್ಲಿ ಒಡೆಯಬೇಕಾದ ಮಾತ್ರೆಯನ್ನು ಬರೀ ನೀರಿನಲ್ಲಿ ಪರೀಕ್ಷಿಸಿ ಆಯ್ಕೆಯನ್ನು ಅಂತಿಮಗೊಳಿಸಬಾರದು.